ಪೇಟೆಯಿಂದ ವಾಣಿಜ್ಯ ವಲಯಕ್ಕೆ: ಬೆಂಗಳೂರಿನ ಮಿಶ್ರಬಳಕೆಯ ಪರಂಪರೆ ಮತ್ತು ಒಳಗೊಳ್ಳುವಿಕೆಯ ಪ್ರಶ್ನೆ

1. ಪೀಠಿಕೆ

ಕರ್ನಾಟಕದ ನಗರಚರಿತ್ರೆಯ ಬರವಣಿಗೆಯಲ್ಲಿ ಕೋಟೆ, ಅರಮನೆ, ದೇವಾಲಯಗಳಿಗೆ ದೊರೆತಷ್ಟು ಅವಧಾನ ಅಂಗಡಿಬೀದಿಗಳಿಗೆ ದೊರೆತಿಲ್ಲ. ರಾಜವಂಶಗಳ ಏಳುಬೀಳುಗಳನ್ನು ಶಾಸನಗಳ ಆಧಾರದಿಂದ ಕ್ರಮವಾಗಿ ನಿರೂಪಿಸಿರುವ ನಮ್ಮ ವಿದ್ವಾಂಸರು ವರ್ತಕರನ್ನು ಕುರಿತು ಬರೆದಾಗಲೂ ಸಂಘಗಳು, ಸುಂಕಗಳು, ದಾನದತ್ತಿಗಳು ಇವುಗಳನ್ನೇ ಮುಖ್ಯವಾಗಿ ಗಮನಿಸಿದ್ದಾರೆ. ವರ್ತಕನು ಎಲ್ಲಿ ಮಲಗುತ್ತಿದ್ದನು, ಅವನ ಅಂಗಡಿಯ ಹಿಂದೆ ಯಾರ ಮನೆಯಿತ್ತು, ಮೂಟೆ ಹೊರುವವನು ರಾತ್ರಿ ಎಲ್ಲಿಗೆ ಹೋಗುತ್ತಿದ್ದನು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಹೊರಗೇ ಉಳಿದಿವೆ. ಇಂದು ನಗರಯೋಜಕರು ಭವಿಷ್ಯದ ವಾಣಿಜ್ಯ ವಲಯಗಳು ‘ಮಿಶ್ರಬಳಕೆ’ಯವೂ ‘ಎಲ್ಲರನ್ನೂ ಒಳಗೊಳ್ಳುವಂಥವೂ’ ಆಗಿರಬೇಕೆಂದು ಹೇಳುತ್ತಿರುವಾಗ, ಈ ಪ್ರಶ್ನೆಗಳು ಕೇವಲ ಪುರಾತತ್ತ್ವದ ಕುತೂಹಲವಾಗಿ ಉಳಿಯುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ಮಿಶ್ರಬಳಕೆ ಎಂಬ ಪದವನ್ನು ವಾಸ, ವ್ಯಾಪಾರ, ಕಸುಬು, ಪೂಜೆ, ಮನರಂಜನೆಗಳು ಒಂದೇ ಬೀದಿಯಲ್ಲಿ, ಎಷ್ಟೋ ಸಲ ಒಂದೇ ಕಟ್ಟಡದಲ್ಲಿ, ಕೂಡಿರುವ ಸ್ಥಿತಿಗೆ ಬಳಸಲಾಗಿದೆ. ಒಳಗೊಳ್ಳುವಿಕೆ ಎಂದರೆ ಜಾತಿ, ಆದಾಯ, ಲಿಂಗ, ವಯಸ್ಸು, ದೈಹಿಕ ಸಾಮರ್ಥ್ಯಗಳ ಭೇದವಿಲ್ಲದೆ ಆ ಬೀದಿಯಲ್ಲಿ ನೆಲೆ ಮತ್ತು ಜೀವನೋಪಾಯವನ್ನು ಪಡೆಯುವ ಅವಕಾಶ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಇಂದಿನ ರೂಢಿ. ಒಂದಿದ್ದರೆ ಇನ್ನೊಂದು ತಾನಾಗಿಯೇ ಬರುತ್ತದೆಂಬ ನಂಬಿಕೆ ಅದರ ಹಿಂದಿದೆ. ಬೆಂಗಳೂರಿನ ಪೇಟೆಯ ಇತಿಹಾಸವು ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ ಎಂಬುದನ್ನು ತೋರಿಸುವುದು, ಮತ್ತು ಅದರಿಂದ ಮುಂದಿನ ಯೋಜನೆಗೆ ದೊರೆಯುವ ಪಾಠವನ್ನು ವಿವೇಚಿಸುವುದು ಇಲ್ಲಿನ ಉದ್ದೇಶ.

2. ಪೇಟೆಯ ರಚನೆ

ಯಲಹಂಕ ನಾಡಪ್ರಭು ಒಂದನೆಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆ ಮತ್ತು ಪೇಟೆಗಳನ್ನು ಸ್ಥಾಪಿಸಿದನೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಸಂಗತಿ. ಶುಭಮುಹೂರ್ತದಲ್ಲಿ ನಾಲ್ಕು ಜೊತೆ ಎತ್ತುಗಳನ್ನು ನೇಗಿಲಿಗೆ ಕಟ್ಟಿ ನಾಲ್ಕು ದಿಕ್ಕುಗಳಿಗೆ ಹೊಡೆಸಿದನೆಂದೂ ಆ ಗೆರೆಗಳೇ ದೊಡ್ಡಪೇಟೆ ಮತ್ತು ಚಿಕ್ಕಪೇಟೆಯ ಬೀದಿಗಳಾದವೆಂದೂ ಐತಿಹ್ಯವಿದೆ. ಐತಿಹ್ಯದ ಐತಿಹಾಸಿಕತೆ ಏನೇ ಇರಲಿ, ಊರು ಹುಟ್ಟಿದ್ದು ಎರಡು ವ್ಯಾಪಾರದ ಬೀದಿಗಳ ಕೂಡುವಿಕೆಯಿಂದ ಎಂಬ ಜನಸ್ಮೃತಿಯನ್ನು ಅದು ಉಳಿಸಿಕೊಂಡಿದೆ. ಆ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ.

ಪೇಟೆಯ ಬಡಾವಣೆಗಳ ಹೆಸರುಗಳೇ ಅದರ ರಚನೆಯ ಮೊದಲ ದಾಖಲೆಗಳು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ತರಗುಪೇಟೆಗಳು ಸರಕಿನಿಂದ ಹೆಸರು ಪಡೆದವು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಗೊಲ್ಲರಪೇಟೆ, ತಿಗಳರಪೇಟೆ, ನಗರ್ತಪೇಟೆಗಳು ಸಮುದಾಯಗಳಿಂದ ಹೆಸರು ಪಡೆದವು. ಸುಲ್ತಾನ್‌ಪೇಟೆ, ಕಬ್ಬನ್‌ಪೇಟೆಗಳು ಅನಂತರದ ಆಳ್ವಿಕೆಗಳ ಗುರುತನ್ನು ಹೊತ್ತಿವೆ. 1638ರಲ್ಲಿ ಬಿಜಾಪುರದವರ ಕೈಗೆ, 1687ರಲ್ಲಿ ಮೊಗಲರ ಕೈಗೆ, ಅಲ್ಲಿಂದ ಚಿಕ್ಕದೇವರಾಜ ಒಡೆಯರ ಕೈಗೆ, ಮುಂದೆ 1759ರಲ್ಲಿ ಜಹಗೀರಾಗಿ ಹೈದರಲಿಯ ಕೈಗೆ ಊರು ಬದಲಾಯಿತು. ಆದರೆ ಒಡೆತನದ ಈ ಬದಲಾವಣೆಗಳು ಪೇಟೆಯ ಮೂಲವಿನ್ಯಾಸವನ್ನು ಅಳಿಸಲಿಲ್ಲ. ಪ್ರತಿಯೊಬ್ಬ ಒಡೆಯನೂ ಇದ್ದುದಕ್ಕೆ ಒಂದು ಬೀದಿಯನ್ನೋ ಒಂದು ಕಸುಬನ್ನೋ ಸೇರಿಸಿದನು.

ಕಟ್ಟಡದ ಮಟ್ಟದಲ್ಲಿ ಈ ರಚನೆಯ ಘಟಕವೆಂದರೆ ಅಂಗಡಿಮನೆ. ಬೀದಿಗೆ ಮುಖಮಾಡಿ ಅಂಗಡಿ ಅಥವಾ ಮಗ್ಗ, ಅದರ ಹಿಂದೆ ಇಲ್ಲವೆ ಮೇಲೆ ವಾಸ, ಮುಂದೆ ಜಗಲಿ. ಈ ಜಗಲಿಯನ್ನು ವಿಶೇಷವಾಗಿ ಗಮನಿಸಬೇಕು. ಅದು ಮನೆಗೆ ಸೇರಿದುದಾದರೂ ಬಳಕೆಯಲ್ಲಿ ಬೀದಿಯದು. ಹಗಲಿನಲ್ಲಿ ಸರಕು ಹರವುವ ಕಟ್ಟೆ, ಸಂಜೆ ಮಾತಿಗೆ ಕೂರುವ ತಾಣ, ರಾತ್ರಿ ದಾರಿಹೋಕನಿಗೆ ಮಲಗುವ ನೆಲೆ. ಖಾಸಗಿ ಮತ್ತು ಸಾರ್ವಜನಿಕ ಎಂಬ ಖಂಡಿತವಾದ ವಿಭಜನೆಯನ್ನು ಒಪ್ಪದ ಈ ಚಿಕ್ಕ ಕಟ್ಟೆಯನ್ನು ಮುಂದೆ ಪುರಸಭೆಯ ನಿಯಮಗಳು ‘ಒತ್ತುವರಿ’ ಎಂದು ಗುರುತಿಸಿದವು.

3. ಬೆರಕೆಯೂ ಬೇಲಿಯೂ

1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ವ್ಯಾಪಾರ ಮತ್ತು ನೇಯ್ಗೆಗಳ ವಿವರಗಳನ್ನು ಸಂಗ್ರಹಿಸಿದನು. ಅವನ ಪ್ರವಾಸಕಥನ 1807ರಲ್ಲಿ ಪ್ರಕಟವಾಯಿತು. ನಾಲ್ಕನೆಯ ಮೈಸೂರು ಯುದ್ಧ ಮುಗಿದು ಒಂದು ವರ್ಷವಷ್ಟೇ ಕಳೆದಿದ್ದ ಆ ಹೊತ್ತಿನಲ್ಲೂ ಪೇಟೆಯು ಚೇತರಿಸಿಕೊಳ್ಳುತ್ತಿದ್ದುದನ್ನು ಅವನ ಬರಹದಿಂದ ತಿಳಿಯಬಹುದಾಗಿದೆ. ಅದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಬ್ರಾಹ್ಮಣರನ್ನುಳಿದು ಎಲ್ಲ ಜಾತಿಗಳ ಹೆಂಗಸರೂ ವಾರದ ಸಂತೆಯಲ್ಲಿ ಅರಳೆಯನ್ನು ಕೊಂಡು, ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದರೆಂದು ಅವನು ದಾಖಲಿಸಿದ್ದಾನೆ. ಅಂದರೆ ಪೇಟೆಯ ರೇಷ್ಮೆ ಮತ್ತು ಹತ್ತಿಯ ವೈಭವದ ತಳದಲ್ಲಿ ಸುತ್ತಲಿನ ನೂರಾರು ಮನೆಗಳ, ಹಲವು ಜಾತಿಗಳ ಸ್ತ್ರೀಯರ ದುಡಿಮೆಯಿತ್ತು. ಆರ್ಥಿಕವಾಗಿ ನೋಡಿದರೆ ಇದಕ್ಕಿಂತ ಹೆಚ್ಚು ಜನರನ್ನು ಒಳಗೊಂಡ ವ್ಯವಸ್ಥೆಯನ್ನು ಕಲ್ಪಿಸುವುದು ಕಷ್ಟ.

ಆದರೆ ಅದೇ ಬುಕಾನನ್ ಬಲಗೈ ಮತ್ತು ಎಡಗೈ ಪಂಗಡಗಳ ವಿಭಜನೆಯನ್ನೂ ವಿವರವಾಗಿ ಬರೆದಿದ್ದಾನೆ. ದಕ್ಷಿಣ ಭಾರತದ ವ್ಯಾಪಾರದ ಊರುಗಳಲ್ಲಿ ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಹಾಯಬೇಕು, ಯಾರು ಯಾವ ಗೌರವಚಿಹ್ನೆಯನ್ನು ಧರಿಸಬೇಕು ಎಂಬ ವಿಷಯಗಳಲ್ಲಿ ಈ ಪಂಗಡಗಳ ನಡುವೆ ಎದ್ದ ಕಲಹಗಳು ಪ್ರಸಿದ್ಧವಾಗಿವೆ. ಹತ್ತಿರ ಬಾಳುವುದೆಂದರೆ ಸರಿಸಮನಾಗಿ ಬಾಳುವುದಲ್ಲ. ಕುಂಬಾರನ ಪಕ್ಕದ ಬೀದಿಯಲ್ಲಿ ಗಾಣಿಗನಿದ್ದನು. ಅಲ್ಲಿಂದ ಕೂಗಳತೆಯಲ್ಲಿ ನಗರ್ತರ ವರ್ತಕನಿದ್ದನು. ಆದರೆ ಪ್ರತಿಯೊಬ್ಬನಿಗೂ ಗೊತ್ತಾದ ಬೀದಿಯಿತ್ತು, ಆ ಬೀದಿಗೆ ಗೊತ್ತಾದ ಕಟ್ಟಳೆಯಿತ್ತು. ಅಸ್ಪೃಶ್ಯರೆನಿಸಿಕೊಂಡವರ ಕೇರಿಗಳು, ನಮ್ಮ ನಾಡಿನ ಎಲ್ಲ ಊರುಗಳಲ್ಲಿ ಇದ್ದಂತೆ, ಊರಿನ ಎಲ್ಲೆಯ ಆಚೆಗಿದ್ದವು. ನೂಲು ಎಲ್ಲೆಯನ್ನು ದಾಟಿ ಒಳಗೆ ಬರುತ್ತಿತ್ತು. ನೂತವಳಿಗೆ ಒಳಗೆ ಮನೆಯಿರಲಿಲ್ಲ.

ಈ ಎಲ್ಲೆ ಬರಿಯ ರೂಪಕವಾಗಿರಲಿಲ್ಲ. 1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಪೇಟೆಯನ್ನು ಮುತ್ತಿದಾಗ ಅದರ ಸುತ್ತ ಆಳವಾದ ಕಂದಕವೂ ದಟ್ಟವಾದ ಮುಳ್ಳುಬೇಲಿಯೂ ಇದ್ದವು. ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ಲು ಮೊದಲಾದ ದಿಕ್ಕುಗಳಿಗೆ ಬಾಗಿಲುಗಳಿದ್ದವು. ಇಂದು ಬಾಗಿಲಿಲ್ಲ, ‘ಹಲಸೂರು ಗೇಟ್’ ಎಂಬ ಹೆಸರು ಮಾತ್ರ ಉಳಿದಿದೆ. ಬೇಲಿಯೊಳಗಿನ ಬೆರಕೆಯನ್ನು ಕಂಡು ಮೆಚ್ಚುವ ಇಂದಿನ ಬರಹಗಾರರು ಬೇಲಿಯನ್ನು ಮರೆಯುವುದುಂಟು.

ಎಲ್ಲೆಗಳನ್ನು ದಾಟುವ ಸಂದರ್ಭಗಳು ಇರಲಿಲ್ಲವೆಂದಲ್ಲ. ತಿಗಳ ಸಮುದಾಯದವರು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡಿಸುವ ಕರಗವು ಪೇಟೆಯ ಬೀದಿಗಳನ್ನು ಸುತ್ತಿ, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಹೂವು, ತರಕಾರಿಗಳನ್ನು ಬೆಳೆದು ಪೇಟೆಗೆ ಒದಗಿಸುತ್ತಿದ್ದ ತೋಟಗಾರರ ಸಮುದಾಯವೊಂದು ವರ್ಷಕ್ಕೊಂದು ರಾತ್ರಿ ಇಡೀ ಪೇಟೆಯನ್ನು ತನ್ನ ಹೆಜ್ಜೆಯಿಂದ ಒಂದುಗೂಡಿಸುವುದು ಸಾಂಸ್ಕೃತಿಕವಾಗಿ ಮಹತ್ವದ ಸಂಗತಿ. ಅದೇ ಕಾಲಕ್ಕೆ, ಅಂಥ ಒಂದು ರಾತ್ರಿಯ ಅಗತ್ಯವಿತ್ತೆಂಬುದೇ ಉಳಿದ ದಿನಗಳ ಸ್ಥಿತಿಯನ್ನು ಸೂಚಿಸುತ್ತದೆ.

4. ದಂಡು, ಪ್ಲೇಗು ಮತ್ತು ಹೊಸ ಬಡಾವಣೆಗಳು

1809ರಲ್ಲಿ ಬ್ರಿಟಿಷರ ದಂಡುಪ್ರದೇಶ ಸ್ಥಾಪಿತವಾದಾಗ ಬೆಂಗಳೂರಿಗೆ ಎರಡನೆಯ ವಾಣಿಜ್ಯ ಕೇಂದ್ರವೊಂದು ಹುಟ್ಟಿತು. ಸೈನ್ಯದ ಅಗತ್ಯಗಳನ್ನು ಪೂರೈಸಲು ಬಂದ ತಮಿಳು, ಉರ್ದು, ತೆಲುಗು ಭಾಷಿಕರಾದ ವರ್ತಕರೂ ಕೆಲಸಗಾರರೂ ಅಲ್ಲಿ ನೆಲೆಸಿದರು. ಸೌತ್ ಪರೇಡಿನ ಅಂಗಡಿಗಳು, ಕಮರ್ಷಿಯಲ್ ಸ್ಟ್ರೀಟ್, ಮುಂದೆ 1927ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆ ಈ ಕೇಂದ್ರದ ಹೆಗ್ಗುರುತುಗಳಾದವು. 1862ರಲ್ಲಿ ಪೇಟೆಗೂ ದಂಡಿಗೂ ಪ್ರತ್ಯೇಕ ಪುರಸಭೆಗಳಾದವು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿದಾಗಲೂ ದಂಡುಪ್ರದೇಶವು ಬ್ರಿಟಿಷರಲ್ಲಿಯೇ ಉಳಿಯಿತು. ಎರಡು ಊರುಗಳ ನಡುವೆ ಕಬ್ಬನ್ ಉದ್ಯಾನ ಹಬ್ಬಿತು. ಅದು ಸುಂದರವಾದ ಉದ್ಯಾನವೆಂಬುದರಲ್ಲಿ ಅನುಮಾನವಿಲ್ಲ. ಎರಡು ಬಗೆಯ ಜನರನ್ನು ಬೇರೆಯಾಗಿಟ್ಟ ಅಂತರವೂ ಹೌದು. ಪೇಟೆಯ ಮಣ್ಣಿನ ಗೋಡೆ 1860ರ ದಶಕದಲ್ಲಿ ನೆಲಸಮವಾಯಿತು. ಮುಳ್ಳುಬೇಲಿಯ ಜಾಗದಲ್ಲಿ ಬೇರೆ ಬಗೆಯ ಬೇಲಿಗಳು ಎದ್ದವು.

1898ರ ಪ್ಲೇಗು ಪೇಟೆಯ ಚರಿತ್ರೆಯಲ್ಲಿ ನಿರ್ಣಾಯಕವಾದ ಘಟ್ಟ. ಇಕ್ಕಟ್ಟಾದ ಓಣಿಗಳು, ಗಾಳಿಬೆಳಕಿಲ್ಲದ ಮನೆಗಳು, ಧಾನ್ಯದ ದಾಸ್ತಾನಿನ ಪಕ್ಕದಲ್ಲಿ ವಾಸ ಇವು ರೋಗದ ಹರಡುವಿಕೆಗೆ ಅನುಕೂಲವಾದವೆಂಬುದನ್ನು ಅಲ್ಲಗಳೆಯಲಾಗದು. ಪೇಟೆಯ ಬದುಕನ್ನು ಆದರ್ಶೀಕರಿಸುವವರು ಈ ಸತ್ಯವನ್ನು ಎದುರಿಸಲೇಬೇಕು. ಆ ದಶಕದಲ್ಲಿ ರೂಪುಗೊಂಡ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ರಸ್ತೆ, ನೇರವಾದ ಗೆರೆ, ಪ್ರತಿ ಮನೆಗೂ ಗಾಳಿಬೆಳಕು ಎಂಬ ಹೊಸ ತತ್ತ್ವವನ್ನು ತಂದವು. ವಾಸ ಒಂದೆಡೆ, ವ್ಯಾಪಾರ ಇನ್ನೊಂದೆಡೆ ಎಂಬ ಕಲ್ಪನೆ ಬೆಂಗಳೂರಿನ ಮಧ್ಯಮವರ್ಗದ ಮನಸ್ಸಿನಲ್ಲಿ ನೆಲೆಯೂರಿದ್ದು ಇಲ್ಲಿಂದ.

ಈ ಬಡಾವಣೆಗಳ ವಿನ್ಯಾಸದಲ್ಲಿ ಒಂದು ಅಂಶ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಮನೆಗಳ ಸಾಲುಗಳ ಹಿಂಬದಿಯಲ್ಲಿ ಕಿರಿದಾದ ‘ಕನ್ಸರ್ವೆನ್ಸಿ’ ಓಣಿಗಳನ್ನು ಬಿಡಲಾಯಿತು. ಮಲವನ್ನು ಹೊರುವ ಕೆಲಸಗಾರರು ಮುಂಬಾಗಿಲ ಬೀದಿಗೆ ಕಾಣಿಸದೆ ಬಂದು ಹೋಗುವುದಕ್ಕಾಗಿ ಮಾಡಿದ ಏರ್ಪಾಡು ಅದು. ನೈರ್ಮಲ್ಯಶಾಸ್ತ್ರದ ಆಧುನಿಕತೆಯೂ ಜಾತಿಯ ಪುರಾತನತೆಯೂ ಒಂದೇ ನಕ್ಷೆಯಲ್ಲಿ ಕೈಜೋಡಿಸಿದ ಉದಾಹರಣೆ ಇದು. ಪೇಟೆಯಲ್ಲಿ ಕಟ್ಟಳೆಯಾಗಿದ್ದ ಭೇದ ಬಡಾವಣೆಯಲ್ಲಿ ಅಳತೆಗೋಲಿನಿಂದ ಗುರುತಾಯಿತು. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಇಂಥ ಕೆಲವು ಓಣಿಗಳನ್ನು ಶುಚಿಗೊಳಿಸಿ, ಬಣ್ಣ ಬಳಿದು, ಪಾದಚಾರಿಗಳ ಹಾದಿಗಳಾಗಿ ಮಾಡಲಾಗಿದೆ. ಅದು ಸ್ವಾಗತಾರ್ಹ. ಆ ಓಣಿ ಏತಕ್ಕಾಗಿ ಇತ್ತೆಂಬ ಅರಿವೂ ಅಲ್ಲಿ ನಡೆಯುವವರಿಗೆ ಇರಬೇಕಾದುದು ಅಷ್ಟೇ ಅವಶ್ಯ.

5. ನಕ್ಷೆಯ ಬಣ್ಣಗಳು

ಸ್ವಾತಂತ್ರ್ಯಾನಂತರ 1949ರಲ್ಲಿ ಪೇಟೆ ಮತ್ತು ದಂಡುಗಳು ಒಂದೇ ನಗರ ಕಾರ್ಪೊರೇಷನ್ನಿನ ಅಡಿಯಲ್ಲಿ ಸೇರಿದವು. ಆಡಳಿತ ಒಂದಾಯಿತು; ವಾಣಿಜ್ಯದ ಗುರುತ್ವಕೇಂದ್ರ ಮಾತ್ರ ಕ್ರಮೇಣ ದಂಡಿನ ಕಡೆಗೆ ಸರಿಯಿತು. ಬ್ಯಾಂಕುಗಳು, ವಿಮಾಕಂಪನಿಗಳು, ದೊಡ್ಡ ಕಚೇರಿಗಳು ಮಹಾತ್ಮ ಗಾಂಧಿ ರಸ್ತೆಯ ಸುತ್ತ ನೆಲೆನಿಂತವು. ಪೇಟೆಯು ಸಗಟು ವ್ಯಾಪಾರದ, ಚಿಲ್ಲರೆ ಬಟ್ಟೆಬರೆಯ, ಯಂತ್ರಭಾಗಗಳ ಸ್ಥಳವಾಗಿ ಉಳಿಯಿತು.

1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಯನ್ನು ಕುರಿತ ಕಾಯಿದೆ ನಮ್ಮ ರಾಜ್ಯದಲ್ಲಿ ರೂಪುಗೊಂಡಿತು. ಭೂಮಿಯನ್ನು ವಾಸ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಬಳಕೆ ಎಂದು ವಿಂಗಡಿಸಿ ನಕ್ಷೆಯ ಮೇಲೆ ಒಂದೊಂದಕ್ಕೂ ಒಂದೊಂದು ಬಣ್ಣ ಹಚ್ಚುವ ಪದ್ಧತಿಗೆ ಅದು ಶಾಸನಬಲವನ್ನು ನೀಡಿತು. ಕಾರ್ಖಾನೆಯ ಹೊಗೆಯಿಂದ ಮನೆಗಳನ್ನು ದೂರವಿಡಬೇಕೆಂಬ ಯುರೋಪು, ಅಮೆರಿಕೆಗಳ ಅನುಭವದಿಂದ ಹುಟ್ಟಿದ ಈ ಪದ್ಧತಿಯಲ್ಲಿ ತರ್ಕವಿರಲಿಲ್ಲವೆಂದು ಹೇಳಲಾಗದು. ಆದರೆ ಕಾಕತಾಳೀಯವೆಂಬಂತೆ ಅದೇ 1961ರಲ್ಲಿ ಅಮೆರಿಕೆಯ ಲೇಖಕಿ ಜೇನ್ ಜೇಕಬ್ಸ್ ನಗರಗಳ ಸಾವುಬದುಕನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ಪದ್ಧತಿಯ ಬುಡಕ್ಕೇ ಕೊಡಲಿ ಹಾಕಿದರು. ಹಗಲುರಾತ್ರಿ ಬೇರೆಬೇರೆ ಕಾರಣಗಳಿಗಾಗಿ ಜನ ಬಂದುಹೋಗುವ ಬೀದಿಯೇ ಸುರಕ್ಷಿತವಾದ ಬೀದಿ. ಬಾಡಿಗೆ ಅಗ್ಗವಾಗಿರುವ ಹಳೆಯ ಕಟ್ಟಡಗಳಿದ್ದರೆ ಮಾತ್ರ ಹೊಸ ಉದ್ಯಮಗಳು ತಲೆಯೆತ್ತುತ್ತವೆ ಎಂಬುದು ಅವರ ವಾದದ ಸಾರ. ನ್ಯೂಯಾರ್ಕಿನ ಬೀದಿಗಳನ್ನು ನೋಡಿ ಅವರು ಬರೆದುದನ್ನು ಚಿಕ್ಕಪೇಟೆಯ ವರ್ತಕನು ಓದಿದ್ದರೆ ಅದರಲ್ಲಿ ಹೊಸತೇನೂ ಅವನಿಗೆ ಕಾಣುತ್ತಿರಲಿಲ್ಲ.

ಏಕಬಳಕೆಯ ತತ್ತ್ವದ ಪರಿಪೂರ್ಣ ರೂಪವನ್ನು ನಾವು ಕಾಣುವುದು ನಗರದ ಹೊರವಲಯದಲ್ಲಿ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ಸ್ ಸಿಟಿ, 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ನಿರ್ಮಾಣವಾದ ತಂತ್ರಜ್ಞಾನ ಪಾರ್ಕು ಇವು ನಾಡಿನ ಆರ್ಥಿಕತೆಗೆ ನೀಡಿದ ಕೊಡುಗೆ ದೊಡ್ಡದು. ಅವು ಸಾವಿರಾರು ಯುವಕ ಯುವತಿಯರಿಗೆ, ಜಾತಿಯ ಬೀದಿಗಳ ಹಂಗಿಲ್ಲದ ಉದ್ಯೋಗಗಳನ್ನು ತೆರೆದವು. ಆ ಅರ್ಥದಲ್ಲಿ ಪೇಟೆ ಕೊಡಲಾಗದ ಬಿಡುಗಡೆಯನ್ನು ಕೊಟ್ಟವು. ಆದರೆ ಆವರಣದ ಗೋಡೆ, ಕಾವಲಿನ ಬಾಗಿಲು, ಗುರುತುಚೀಟಿ ಇವುಗಳ ಒಳಗೆ ಕೇವಲ ಕಚೇರಿಗಳಿದ್ದವು. ಊಟ ಒದಗಿಸುವವರು, ಗುಡಿಸುವವರು, ಕಾವಲುಗಾರರು, ವಾಹನ ಚಾಲಕರು ದೂರದ ಊರುಗಳಿಂದ ಬಂದು ಹೋಗಬೇಕಾಯಿತು. ಹೊಸೂರು ರಸ್ತೆಯ ಮತ್ತು ಹೊರವರ್ತುಲ ರಸ್ತೆಯ ವಾಹನದಟ್ಟಣೆ ಈ ವಿಂಗಡಣೆಗೆ ನಗರ ತೆರುತ್ತಿರುವ ದಂಡ. ಬಾಗಿಲುಗಳುಳ್ಳ ಪೇಟೆ ಎರಡು ಶತಮಾನಗಳ ಅನಂತರ ಬೇರೊಂದು ವೇಷದಲ್ಲಿ ಮರಳಿತು. ಬೆರಕೆಯಿಲ್ಲದೆ, ಬೇಲಿ ಮಾತ್ರ.

ವಿಂಗಡಣೆಯ ಈ ಅತಿರೇಕವನ್ನು ಸರಿಪಡಿಸುವ ಪ್ರಯತ್ನವೂ ನಡೆಯಿತು. 2007ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಮಹಾಯೋಜನೆಯು ರಸ್ತೆಯ ಅಗಲವನ್ನು ಆಧರಿಸಿ ವಾಸದ ಪ್ರದೇಶಗಳಲ್ಲಿ ವಾಣಿಜ್ಯಕ್ಕೆ ಅವಕಾಶ ಕೊಟ್ಟು, ಮಿಶ್ರಬಳಕೆಯ ವಲಯಗಳನ್ನು ಗುರುತಿಸಿತು. ಹಳೆಯ ಬಡಾವಣೆಗಳ ನಿವಾಸಿಗಳು ಇದನ್ನು ತೀವ್ರವಾಗಿ ವಿರೋಧಿಸಿದರು. ವಿವಾದ ನ್ಯಾಯಾಲಯವನ್ನೂ ತಲುಪಿತು. ಶಾಂತವಾದ ಬೀದಿಗಳು ಗದ್ದಲದ ವ್ಯಾಪಾರಸ್ಥಳಗಳಾದವು ಎಂಬ ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಏಕೆಂದರೆ ಮಿಶ್ರಬಳಕೆಯ ಹೆಸರಿನಲ್ಲಿ ಬಂದುದು ಹೆಚ್ಚಿನ ಬಾಡಿಗೆ ತರುವ ಉಪಾಹಾರಗೃಹಗಳು ಮತ್ತು ಮಳಿಗೆಗಳು. ಬಡಗಿಯ ಕೊಟ್ಟಿಗೆಯಾಗಲಿ ದರ್ಜಿಯ ಅಂಗಡಿಯಾಗಲಿ ಅಲ್ಲ. ಮುಂದಿನ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾಗಿ 2020ರಲ್ಲಿ ಹಿಂತೆಗೆಯಲ್ಪಟ್ಟಿತು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ಹೊಸ ಆಡಳಿತರಚನೆಯ ಆರಂಭಕಾಲವು ಹಳೆಯ ಪ್ರಶ್ನೆಗಳನ್ನು ಮತ್ತೆ ಕೇಳಲು ತಕ್ಕ ಸಮಯ.

6. ಅವೆನ್ಯೂ ರಸ್ತೆಯ ಪಾಠ

ಆ ಪ್ರಶ್ನೆಗಳು ಅತ್ಯಂತ ಸ್ಪಷ್ಟವಾಗಿ ಎದ್ದುದು ಊರು ಹುಟ್ಟಿದ ಬೀದಿಯಲ್ಲಿಯೇ. 2000ರ ದಶಕದ ಉತ್ತರಾರ್ಧದಲ್ಲಿ ಅವೆನ್ಯೂ ರಸ್ತೆಯನ್ನು ವಾಹನಸಂಚಾರಕ್ಕಾಗಿ ಅಗಲಗೊಳಿಸುವ ಪ್ರಸ್ತಾವ ಬಂದಾಗ ಅಲ್ಲಿನ ವರ್ತಕರು ವಿರೋಧಿಸಿದರು. ನೆಲ ಬಿಟ್ಟುಕೊಡುವ ಮಾಲೀಕನಿಗೆ ಬೇರೆಡೆ ಕಟ್ಟುವ ಹಕ್ಕನ್ನು ಪರಿಹಾರವಾಗಿ ಕೊಡುವ ವ್ಯವಸ್ಥೆಯಿತ್ತು. ಆದರೆ ಹತ್ತು ಅಡಿ ಅಗಲದ ಅಂಗಡಿಯಲ್ಲಿ ತಲೆಮಾರುಗಳಿಂದ ಬಾಡಿಗೆಗಿರುವ ಪುಸ್ತಕ ವ್ಯಾಪಾರಿಗೆ ಆ ಹಕ್ಕಿನಿಂದ ಏನೂ ದೊರೆಯದು. ಅಂಗಡಿಯ ಮುಂದೆ ಕೂತ ಹೂವಿನವಳಿಗಂತೂ ಲೆಕ್ಕದಲ್ಲಿ ಜಾಗವೇ ಇಲ್ಲ. ಪೇಟೆಯ ಆಸ್ತಿ ಒಡೆಯ, ಬಾಡಿಗೆದಾರ, ಒಳಬಾಡಿಗೆದಾರ, ಜಗಲಿಯ ವ್ಯಾಪಾರಿ, ತಲೆಹೊರೆಯ ಕೂಲಿ ಎಂಬ ಪದರಗಳಲ್ಲಿ ಹಂಚಿಹೋಗಿದೆ. ಕಾನೂನು ಮೇಲಿನ ಪದರವನ್ನು ಮಾತ್ರ ಕಾಣುತ್ತದೆ.

ಹಳೆಯ ಬೀದಿಗಳನ್ನು ಒಡೆದು ನೇರ ರಸ್ತೆ ಮಾಡುವ ಕ್ರಮವನ್ನು 1915ರ ಸುಮಾರಿಗೆ ತಂಜಾವೂರು ಮೊದಲಾದ ಊರುಗಳನ್ನು ಪರಿಶೀಲಿಸಿದ ಪ್ಯಾಟ್ರಿಕ್ ಗೆಡ್ಡಿಸ್ ಆಗಲೇ ಖಂಡಿಸಿದ್ದನು. ಊರಿನ ದೇಹಕ್ಕೆ ಬೇಕಾದುದು ಅಂಗಚ್ಛೇದನವಲ್ಲ, ಉಳಿಸಿಕೊಂಡು ಮಾಡುವ ಶಸ್ತ್ರಚಿಕಿತ್ಸೆ ಎಂಬುದು ಅವನ ನಿಲುವು. ಅಲ್ಲೊಂದು ಪಾಳುಮನೆಯನ್ನು ತೆಗೆದು ಬಯಲು ಮಾಡುವುದು, ಇಲ್ಲೊಂದು ಓಣಿಗೆ ಗಾಳಿ ಬಿಡುವುದು. ಇದರಿಂದ ಖರ್ಚೂ ಕಡಿಮೆ, ಒಕ್ಕಲೆಬ್ಬಿಸುವಿಕೆಯೂ ಕಡಿಮೆ. ಪ್ಲೇಗಿನ ಪಾಠವನ್ನು ಮರೆಯದೆಯೇ ಪೇಟೆಯನ್ನು ಉಳಿಸುವ ದಾರಿ ಇದೆಂಬುದನ್ನು ಶತಮಾನದ ಅನಂತರವೂ ಒಪ್ಪಬಹುದು.

2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯು ಕೆಳಗಿನ ಪದರವನ್ನು ಮೊದಲ ಬಾರಿಗೆ ಶಾಸನದ ಬೆಳಕಿಗೆ ತಂದಿತು. ವಲಯದ ಜನಸಂಖ್ಯೆಯ ಶೇಕಡ 2.5ರ ಮಿತಿಯವರೆಗೆ ವ್ಯಾಪಾರಿಗಳಿಗೆ ಸ್ಥಳಾವಕಾಶ, ಸಮೀಕ್ಷೆ ಮುಗಿಯುವವರೆಗೆ ಒಕ್ಕಲೆಬ್ಬಿಸುವುದಕ್ಕೆ ತಡೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ವ್ಯಾಪಾರಿಗಳದೇ ಪ್ರಾತಿನಿಧ್ಯ, ಅದರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ ಎಂಬ ನಿಯಮಗಳು ಅದರಲ್ಲಿವೆ. ಬಹುಕಾಲದಿಂದ ವ್ಯಾಪಾರ ನಡೆದುಬಂದ ತಾಣಗಳನ್ನು ‘ಸಹಜ ಮಾರುಕಟ್ಟೆ’ಗಳೆಂದು ಅದು ಗುರುತಿಸುತ್ತದೆ. ಒತ್ತುವರಿ ಎನಿಸಿಕೊಂಡಿದ್ದ ಜಗಲಿ ಸುತ್ತುಬಳಸಿ ಮತ್ತೆ ಹಕ್ಕಾಗಿ ಬಂದಿತೆನ್ನಬಹುದು.

2017ರ ಜೂನ್ ತಿಂಗಳಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗದ ಸುರಂಗಭಾಗ ಆರಂಭವಾಗಿ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆಗಳಲ್ಲಿ ನಿಲ್ದಾಣಗಳು ತೆರೆದವು. ಬೀದಿಯನ್ನು ಒಡೆಯದೆ ಪೇಟೆಯನ್ನು ಇಡೀ ನಗರಕ್ಕೆ ಹತ್ತಿರವಾಗಿಸಿದ್ದು ಇದರ ಹಿರಿಮೆ. ಅಪಾಯವೂ ಇಲ್ಲಿಯೇ ಇದೆ. ನಿಲ್ದಾಣದ ಸಮೀಪದ ನೆಲಕ್ಕೆ ಬೆಲೆ ಏರುವುದು ಸಹಜ. ಬೆಲೆ ಏರಿದಲ್ಲಿ ಬಾಡಿಗೆದಾರರ, ಕುಶಲಕರ್ಮಿಗಳ ಕಾಲ ಕೆಳಗಿನ ನೆಲ ಸರಿಯುತ್ತದೆ. ಮುಳ್ಳುಬೇಲಿಯೂ ಇಲ್ಲದೆ, ಕಟ್ಟಳೆಯೂ ಇಲ್ಲದೆ, ಬಾಡಿಗೆಯ ಅಂಕಿಯೊಂದೇ ಜನರನ್ನು ಹೊರಗಿಡಬಲ್ಲದು.

7. ಮುಂದಿನ ವಾಣಿಜ್ಯ ವಲಯ: ಕೆಲವು ಸೂಚನೆಗಳು

ನಕ್ಷೆ ರಚಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಹಿಂದೆ ಏನು ನಡೆಯಿತೆಂಬುದರಿಂದ ಕೆಲವು ಸೂಚನೆಗಳನ್ನು ಕೊಡುವುದು ಅವನ ಅಧಿಕಾರವ್ಯಾಪ್ತಿಗೆ ಸೇರಿದ್ದು.

ಮೊದಲನೆಯದಾಗಿ, ಮಿಶ್ರಬಳಕೆಯ ಅನುಮತಿಯನ್ನು ರಸ್ತೆಯ ಅಗಲಕ್ಕೆ ಮಾತ್ರ ಗಂಟುಹಾಕುವುದು ಸಾಲದು. ಪೇಟೆಯ ಬೀದಿಗಳು ಕಿರಿದಾಗಿದ್ದೂ ಶತಮಾನಗಳ ಕಾಲ ಬೆರಕೆಯನ್ನು ತಾಳಿಕೊಂಡುದಕ್ಕೆ ಕಾರಣ ಅಲ್ಲಿನ ಘಟಕಗಳು ಚಿಕ್ಕವಾಗಿದ್ದುದು. ಯಾವ ಬಳಕೆ ಎಂಬುದರಷ್ಟೇ ಎಷ್ಟು ದೊಡ್ಡ ಬಳಕೆ ಎಂಬುದೂ ಮುಖ್ಯ. ಚಿಕ್ಕ ಅಂಗಡಿ, ಚಿಕ್ಕ ಕಾರ್ಯಾಗಾರಗಳಿಗೆ ಆದ್ಯತೆಯಿರುವ ವಲಯದಲ್ಲಿ ನೆರೆಹೊರೆಯವರ ಸಹನೆ ಉಳಿಯುತ್ತದೆ.

ಎರಡನೆಯದಾಗಿ, ವಾಣಿಜ್ಯ ವಲಯದೊಳಗೆ ದುಡಿಯುವವರ ವಾಸಕ್ಕೆ ನೆಲೆಯಿರಬೇಕು. ಅಂಗಡಿಮನೆಯಲ್ಲಿ ಒಡೆಯನಿಗೆ ದೊರೆತ ಸೌಲಭ್ಯ ಹಮಾಲಿಗೆ ದೊರೆಯಲಿಲ್ಲ. ಭವಿಷ್ಯದ ವಲಯದಲ್ಲಿ ಮೇಲಂತಸ್ತುಗಳು ಕೇವಲ ಸಿರಿವಂತರ ಮನೆಗಳಾದರೆ ಮಿಶ್ರಬಳಕೆ ಎಂಬ ಮಾತು ಸತ್ಯವಾಗಿದ್ದೂ ಒಳಗೊಳ್ಳುವಿಕೆ ಎಂಬ ಮಾತು ಸುಳ್ಳಾಗುತ್ತದೆ. ಕೈಗೆಟಕುವ ಬಾಡಿಗೆಯ ಮನೆಗಳು, ದುಡಿಯುವ ಮಹಿಳೆಯರ ವಸತಿಗೃಹಗಳು ಕಟ್ಟಡದ ಅನುಮತಿಯ ಷರತ್ತುಗಳಾಗಬೇಕು.

ಮೂರನೆಯದಾಗಿ, ಬೀದಿಯ ವ್ಯಾಪಾರಿಗೆ ನಕ್ಷೆಯಲ್ಲಿಯೇ ಜಾಗ ಗುರುತಾಗಬೇಕು. ಕಟ್ಟಡ ಮುಗಿದ ಮೇಲೆ ಉಳಿದ ಮೂಲೆಯಲ್ಲಿ ಕೂರಿಸುವುದು ಹಕ್ಕಿನ ಮನ್ನಣೆಯಲ್ಲ. ಜಗಲಿಯ ಕಲ್ಪನೆಯನ್ನು ಇಂದಿನ ಕಟ್ಟಡನಿಯಮಗಳ ಭಾಷೆಗೆ ತರುವುದು ಅಸಾಧ್ಯವೇನಲ್ಲ: ಕಟ್ಟಡದ ಮುಂಭಾಗದ ಕೆಲವು ಅಡಿಗಳನ್ನು ನೆರಳಿನೊಡನೆ ಸಾರ್ವಜನಿಕ ಬಳಕೆಗೆ ಬಿಟ್ಟವರಿಗೆ ರಿಯಾಯಿತಿ ಕೊಡಬಹುದು.

ನಾಲ್ಕನೆಯದಾಗಿ, ಹಿಂದಿನ ಪೇಟೆ ಎಂದೂ ಯೋಚಿಸದಿದ್ದ ಜನರನ್ನು ಮುಂದಿನದು ಯೋಚಿಸಬೇಕು. ಬೆಳಗಿನ ಜಾವ ಹೂವಿನ ಮಾರುಕಟ್ಟೆಗೆ ಬರುವ ಹೆಣ್ಣುಮಗಳಿಗೆ ಶೌಚಾಲಯ ಮತ್ತು ಬೆಳಕು, ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳಿಜಾರು, ವೃದ್ಧರಿಗೆ ಕೂರುವ ಕಟ್ಟೆ ಇವು ಅಲಂಕಾರಗಳಲ್ಲ. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಪ್ರವೇಶಸೌಲಭ್ಯವನ್ನು ಹಕ್ಕೆಂದೇ ಪರಿಗಣಿಸಿದೆ. 1905ರಲ್ಲಿ ಏಷ್ಯದಲ್ಲಿಯೇ ಮೊದಲ ವಿದ್ಯುತ್ ಬೀದಿದೀಪಗಳಲ್ಲಿ ಸೇರುವ ದೀಪಗಳನ್ನು ಮಾರುಕಟ್ಟೆಯ ಪರಿಸರದಲ್ಲಿ ಬೆಳಗಿಸಿದ ಊರಿಗೆ ಇದು ಮೀರಿದ ಕೆಲಸವಲ್ಲ.

ಕೊನೆಯದಾಗಿ, ಹಿಂಬದಿಯ ಓಣಿ ಮತ್ತೆ ಹುಟ್ಟದಂತೆ ಎಚ್ಚರ ವಹಿಸಬೇಕು. ಕಚೇರಿಯ ಗೋಪುರಗಳಲ್ಲಿ ಗುಡಿಸುವವರಿಗೆ, ಕಾವಲುಗಾರರಿಗೆ, ಸರಕು ತರುವವರಿಗೆ ಬೇರೆ ಬಾಗಿಲು, ಬೇರೆ ಲಿಫ್ಟು, ಕೂರಲು ನೆಲಮಾಳಿಗೆ ಎಂಬ ಏರ್ಪಾಡನ್ನು ಕಂಡಾಗ, 1890ರ ದಶಕದ ನಕ್ಷೆಗಾರನ ಗೆರೆ ಇನ್ನೂ ಅಳಿಸಿಲ್ಲವೆಂದು ತಿಳಿಯಬೇಕಾಗುತ್ತದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಬೆಂಗಳೂರಿನ ಇತಿಹಾಸದಲ್ಲಿ ಎರಡು ಬಗೆಯ ಅಪೂರ್ಣತೆಗಳು ಕಂಡುಬರುತ್ತವೆ. ಪೇಟೆಯು ಕಸುಬುಗಳನ್ನು ಬೆರೆಸಿತು, ಜನರನ್ನು ಬೀದಿಬೀದಿಯಾಗಿ ಬೇರ್ಪಡಿಸಿತು. ಆಧುನಿಕ ಯೋಜನೆಯು ಹುಟ್ಟಿನ ಬೀದಿಯಿಂದ ಜನರನ್ನು ಬಿಡಿಸಿತು, ಆದರೆ ಬದುಕಿನ ಬಳಕೆಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ, ಬೆಲೆಯ ಮೂಲಕ ಹೊಸ ಹೊರಗಿಡುವಿಕೆಯನ್ನು ತಂದಿತು. ಮೊದಲನೆಯದನ್ನು ಪರಂಪರೆಯೆಂದು ಹೊಗಳುವುದರಿಂದಾಗಲಿ ಎರಡನೆಯದನ್ನು ಪ್ರಗತಿಯೆಂದು ಒಪ್ಪುವುದರಿಂದಾಗಲಿ ಭವಿಷ್ಯದ ವಾಣಿಜ್ಯ ವಲಯ ರೂಪುಗೊಳ್ಳದು. ಪೇಟೆಯಿಂದ ಬೆರಕೆಯನ್ನು, ಆಧುನಿಕತೆಯಿಂದ ಸಮಾನತೆಯ ತತ್ತ್ವವನ್ನು ಆಯ್ದುಕೊಂಡು ಎರಡನ್ನೂ ಕಾನೂನಿನ ಮೂಲಕ ಬೆಸೆಯುವ ಕಾರ್ಯ ಮುಂದಿದೆ.

ಈ ದಿಕ್ಕಿನಲ್ಲಿ ಸಂಶೋಧಕರ ಕರ್ತವ್ಯವೂ ಇದೆ. ಪೇಟೆಯ ಬಾಡಿಗೆಪತ್ರಗಳು, ಪುರಸಭೆಯ ನಡವಳಿಗಳು, ವರ್ತಕರ ಸಂಘಗಳ ಕಡತಗಳು, ಮನೆತನಗಳ ಲೆಕ್ಕದ ಪುಸ್ತಕಗಳು ವ್ಯವಸ್ಥಿತವಾಗಿ ಸಂಗ್ರಹಗೊಂಡು ಪ್ರಕಟವಾಗಬೇಕು. ಹಮಾಲರ, ಹೂವಿನವರ, ಪೌರಕಾರ್ಮಿಕರ ಮೌಖಿಕ ಚರಿತ್ರೆಗಳೂ ದಾಖಲಾಗಬೇಕು. ನಕ್ಷೆಗಾರನ ಮುಂದೆ ಇವು ಇಲ್ಲದಿದ್ದರೆ ಅವನಿಗೆ ಕಾಣುವುದು ಒಡೆಯರ ಹೆಸರುಗಳು ಮಾತ್ರ. ಆ ಹೆಸರುಗಳ ಕೆಳಗೆ ಬದುಕಿದವರನ್ನು ಕಾಣಿಸುವುದು ಇತಿಹಾಸದ ಕೆಲಸ.